ಮೊದಲು ಕುರ್ಚಿ, ಆಮೇಲೆ ಸಿನಿಮಾ

(ಸಿನಿಮಾ ಗೆಳೆಯರ ಕೂಟವೊಂದರಲ್ಲಿ 'ಗ್ರ್ಬಾವಿತ್ಸಾ' ಚಿತ್ರ ತೋರಿಸುವ ಮೊದಲು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಇಸವಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋಸ್ನಿಯಾ ಅನ್ನೋ ಹೆಸರನ್ನು ನಾನು ಮೊದಲು ಹೇಳಿದ್ದೇ ಸಿಟ್ಟಿನಲ್ಲಿ. 2002ರ ಮಾರ್ಚ್ 25, ಸೋಮವಾರ ಬೆಳಿಗ್ಗೆ. 'ಲಗಾನ್' ಆಸ್ಕರ್‌ನ ವಿದೇಶಿ ಭಾಷೆಯ ಚಿತ್ರಗಳ ಕೊನೆಯ ಐದರಲ್ಲಿತ್ತು. ಅದಕ್ಕೂ ಮುಂಚೆ ಅಷ್ಟು ದೂರ ಹೋಗಿದ್ದ ನಮ್ಮ ದೇಶದ ಚಿತ್ರಗಳು ಎರಡೇ, 'ಮದರ್ ಇಂಡಿಯಾ' ಮತ್ತು 'ಸಲಾಂ ಬಾಂಬೆ'. ಆಫೀಸಿಗೆ ತಡವಾದರೆ ಆಗಲಿ ಅಂತ ರೂಮಿನ ನಾಲ್ಕೂ ಜನ ಟೀವಿ ಮುಂದೆ ಕೂತಿದ್ದೆವು. ಲಕೋಟೆ ಒಡೆದರು. 'ನೋ ಮ್ಯಾನ್ಸ್ ಲ್ಯಾಂಡ್', ಬೋಸ್ನಿಯಾ-ಹರ್ಜೆಗೊವಿನಾ ಅಂದರು. "ಅದ್ಯಾವ ದೇಶನಪ್ಪಾ, ನಮ್ಮ ಕಪ್ ಹೊತ್ಕೊಂಡು ಹೋಗಿದ್ದು?" ಅಂದ ನನ್ನ ಗೆಳೆಯ. ವರ್ಲ್ಡ್ ಕಪ್ ಫೈನಲ್ ಸೋತ ಹಾಗೆ ಎಲ್ಲರೂ ಸುಮ್ಮನೆ ಎದ್ದು ಸ್ನಾನಕ್ಕೆ ಹೋದೆವು.

ಕೆಲವು ತಿಂಗಳ ಮೇಲೆ ಯಾರಿಂದಲೋ ಆ ಚಿತ್ರದ ಸೀಡಿ ಕೈಗೆ ಬಂತು. ತಪ್ಪು ಹುಡುಕೋಣ ಅಂತಲೇ ಹಾಕಿದೆ.

ಯುಗೊಸ್ಲಾವಿಯಾ ಒಡೆದು ಬೋಸ್ನಿಯಾ ಬೇರೆ ದೇಶವಾದಾಗ, 1992ರಿಂದ 1995ರವರೆಗೆ ಅಲ್ಲಿ ನಡೆದ ಯುದ್ಧದ ಕಥೆ. ಎರಡು ಸೈನ್ಯಗಳ ನಡುವೆ ಒಂದು ಕಂದಕ. ಅದರಲ್ಲಿ ಒಬ್ಬ ಬೋಸ್ನಿಯಾದವನು, ಒಬ್ಬ ಸರ್ಬಿಯನ್ ಕಡೆಯವನು ಸಿಕ್ಕಿಹಾಕಿಕೊಂಡಿದ್ದಾರೆ. ಮೂರನೆಯವನೊಬ್ಬ ಮಲಗಿದ್ದಾನೆ. ಅವನ ಬೆನ್ನ ಕೆಳಗೆ ನೆಲಬಾಂಬು. ಎದ್ದರೆ ಅದು ಮೇಲಕ್ಕೆ ಹಾರಿ ಸಿಡಿಯುತ್ತದೆ. ಇಡೀ ಸಿನಿಮಾ ಅವನು ಮಲಗಿಯೇ ಇರುತ್ತಾನೆ. ಉಳಿದಿಬ್ಬರು ಜಗಳ ಆಡುತ್ತಾರೆ, ಯುದ್ಧ ಶುರು ಮಾಡಿದ್ದು ಯಾರು ಅಂತ. ಬಂದೂಕು ಯಾರ ಕೈಯಲ್ಲಿದೆಯೋ ಅವನು ಕೇಳುತ್ತಾನೆ, ಇನ್ನೊಬ್ಬ "ನಾವೇ" ಅಂತ ಒಪ್ಪಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಬಂದೂಕು ಕೈ ಬದಲಾಗುತ್ತೆ, ಉತ್ತರವೂ ಬದಲಾಗುತ್ತೆ. ನಡುವೆ ಮಾತಿಗೆ ಮಾತು ಬಂದು, ಇಬ್ಬರಿಗೂ ಒಂದೇ ಹುಡುಗಿಯ ಪರಿಚಯ ಇತ್ತು ಅಂತ ಗೊತ್ತಾಗುತ್ತೆ. ಎರಡು ನಿಮಿಷ ಇಬ್ಬರೂ ಮನುಷ್ಯರಾಗುತ್ತಾರೆ.

ಇನ್ನೊಂದು ಕಡೆ ಕಾವಲಿನಲ್ಲಿರುವ ಒಬ್ಬ ಬೋಸ್ನಿಯನ್ ಸಿಪಾಯಿ ಪೇಪರ್ ಓದುತ್ತಾ ಕೂತಿರುತ್ತಾನೆ. ತನ್ನ ಊರಿಗೇ ಬೆಂಕಿ ಬಿದ್ದಿದೆ. ಅವನು ಪುಟ ತಿರುವಿ, ರುವಾಂಡಾದಲ್ಲಿ ಎಂಥಾ ಗತಿ ಬಂದಿದೆ ನೋಡಿ ಅಂತ ಲೊಚಗುಟ್ಟುತ್ತಾನೆ. ಅಲ್ಲಿಗೆ ನಾನು ತಪ್ಪು ಹುಡುಕೋದು ನಿಲ್ಲಿಸಿದೆ. ನಿರ್ದೇಶಕ ಡಾನಿಸ್ ತಾನೊವಿಚ್ ಆ ದೇಶದ ರಾಜಧಾನಿಯ ಮುತ್ತಿಗೆಯ ಕಾಲದಲ್ಲಿ ಕ್ಯಾಮೆರಾ ಹಿಡಿದು ಮುಂಚೂಣಿಯಲ್ಲಿ ಓಡಾಡಿದವನು. ಈ ನಗು ಅವನಿಗೆ ಅಲ್ಲೇ ಸಿಕ್ಕಿರಬೇಕು. ಅಂದ ಹಾಗೆ ಈತ ಆಮೇಲೆ ನಮ್ಮ ಇಮ್ರಾನ್ ಹಾಶ್ಮಿಯನ್ನು ಹಾಕಿಕೊಂಡು 'ಟೈಗರ್ಸ್' ಅನ್ನೋ ಚಿತ್ರ ಮಾಡಿದ, 2014ರಲ್ಲಿ. ಪಾಕಿಸ್ತಾನದಲ್ಲಿ ಮಕ್ಕಳ ಹಾಲಿನ ಪುಡಿ ಮಾರುವ ಹುಡುಗನ ಕಥೆ. 'ಲಗಾನ್' ಬಾಕಿ ತೀರಿಸೋಕೆ ಬಂದ ಅಂತ ನಾವು ತಮಾಷೆ ಮಾಡ್ತಿದ್ದೆವು.

ಭಾಷೆಯ ಬಗ್ಗೆಯೂ ಒಂದು ಮಾತು. ಆ ಕಂದಕದ ಇಬ್ಬರೂ ಬೈದಾಡಲು ದುಭಾಷಿ ಬೇಕಾಗಿಲ್ಲ. ಒಂದೇ ನುಡಿ. ಅದಕ್ಕೆ ಈಗ ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಅಂತ ಮೂರು ಹೆಸರು. ಅಲ್ಲಿನ ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆ ಮೂರೂ ಭಾಷೆಯಲ್ಲಿ ಇರಬೇಕು. ಹಾಗಾಗಿ "ಪುಶೆನ್ಯೆ ಉಬಿಯಾ" ಅಂತ ಮೂರು ಸಲ ಬರೆದಿರುತ್ತಾರೆ, ಧೂಮಪಾನ ಕೊಲ್ಲುತ್ತದೆ ಅಂತ. ಎರಡು ಸಲ ರೋಮನ್ ಲಿಪಿ, ಅಕ್ಷರಕ್ಕೆ ಅಕ್ಷರ ಒಂದೇ. ಮೂರನೇದು ಸಿರಿಲಿಕ್ ಲಿಪಿ, ಮಾತು ಅದೇ. ಆ ದೇಶದ ರಾಜಕೀಯ ಅರ್ಥ ಆಗಬೇಕಾದರೆ ದಪ್ಪ ಪುಸ್ತಕ ಓದೋದಕ್ಕಿಂತ ಒಂದು ಸಿಗರೇಟು ಪ್ಯಾಕ್ ನೋಡಿದರೆ ಸಾಕು.

ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಚಿತ್ರೋತ್ಸವಗಳ ವಿಷಯ. ಸಾಮಾನ್ಯವಾಗಿ ಏನಾಗುತ್ತೆ? ಒಂದು ಕಡೆ ಸಿನಿಮಾ ಬೆಳೆಯುತ್ತೆ, ದುಡ್ಡು ಬರುತ್ತೆ, ಸ್ಟಾರ್‌ಗಳು ಬರುತ್ತಾರೆ, ಆಮೇಲೆ ಉತ್ಸವ. ಬೋಸ್ನಿಯಾದಲ್ಲಿ ಇದು ಉಲ್ಟಾ ಆಯಿತು. ಯುದ್ಧ ಹಳೇ ಸಿನಿಮಾ ಉದ್ಯಮವನ್ನು ಮುಗಿಸಿಹಾಕಿತ್ತು. ಉಳಿದಿದ್ದು ನೋಡುವ ಜನ ಮಾತ್ರ. ಅವರು ಮೊದಲು ಕುರ್ಚಿ ಹಾಕಿ ಕೂತರು. ಸಿನಿಮಾ ಆಮೇಲೆ ಬಂತು.

1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ, 1425 ದಿನ ರಾಜಧಾನಿ ಸರಾಯೆವೊ ಸರ್ಬ್ ಸೇನೆಯ ಮುತ್ತಿಗೆಯಲ್ಲಿತ್ತು. (ನಮ್ಮ ಪತ್ರಿಕೆಗಳು ಸರಾಜೆವೊ ಅಂತ ಬರೆಯುತ್ತವೆ, ಅಲ್ಲಿಯವರ ಬಾಯಲ್ಲಿ ಅದು ಸರಾಯೆವೊ.) ನಮ್ಮ ಸಕಲೇಶಪುರ ಕಡೆಯ ಊರುಗಳಂತೆ ಸುತ್ತ ಗುಡ್ಡ, ನಡುವೆ ಊರು, ಊರ ನಡುವೆ ಮಿಲ್ಯಾಟ್ಸ್ಕಾ ಹೊಳೆ. ಗುಡ್ಡದ ಮೇಲೆ ಫಿರಂಗಿ. ಎತ್ತರದ ಕಟ್ಟಡಗಳಲ್ಲಿ ಅಡಗಿ ಗುಂಡು ಹಾರಿಸುವ ಗುರಿಕಾರರು, ಅಂದರೆ ಸ್ನೈಪರ್‌ಗಳು. ಕರೆಂಟ್ ಇಲ್ಲ, ನಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ. ನೀರಿಗೆ ಡಬ್ಬ ಹಿಡಿದು ಕ್ಯೂ ನಿಂತವರ ಮೇಲೆ ಶೆಲ್ ಬೀಳುತ್ತಿತ್ತು.

ಆ ಊರಿನಲ್ಲಿ 1993ರಲ್ಲಿ ಒಂದು ಸಿನಿಮಾ ಮಂದಿರ ಶುರುವಾಯಿತು. ಹೆಸರು 'ಅಪೊಲೊ', ಜನ ಕರೆದಿದ್ದು ಯುದ್ಧದ ಟಾಕೀಸು ಅಂತ. ಶುರು ಮಾಡಿದ್ದು ಓಬಾಲಾ ಅನ್ನೋ ಕಲಾಕೇಂದ್ರದವರು, ಮಿರ್ಸಾದ್ ಪುರಿವಾತ್ರಾ ಅವರ ಮುಂದಾಳು. ರೀಲು ಎಲ್ಲಿಂದ ಬರಬೇಕು? ವಿಡಿಯೊ ಕ್ಯಾಸೆಟ್ಟನ್ನೇ ಗೋಡೆಗೆ ದೊಡ್ಡದಾಗಿ ಬಿಟ್ಟು ತೋರಿಸಿದರು. ಜನ ಗುರಿಕಾರರ ಕಣ್ಣು ತಪ್ಪಿಸಿ ಓಡೋಡಿ ಬಂದು ಕೂತರು. ನಮಗೆ ಮಳೆ ಬಂದರೆ ಫಸ್ಟ್ ಶೋ ಕ್ಯಾನ್ಸಲ್, ಅಲ್ವಾ?

ಅದೇ ವರ್ಷದ ಬೇಸಿಗೆಯಲ್ಲಿ ಲೇಖಕಿ ಸೂಸನ್ ಸೊಂಟಾಗ್ ಅಮೆರಿಕದಿಂದ ಬಂದು ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕ ಆಡಿಸಿದರು, ಮೇಣದಬತ್ತಿ ಬೆಳಕಿನಲ್ಲಿ. ಪೇಪರ್‌ಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅಕ್ಟೋಬರಿನಲ್ಲಿ ಸ್ಥಳೀಯ ನಿರ್ದೇಶಕ ಹಾರಿಸ್ ಪಾಶೊವಿಚ್ ಒಂದು ಚಿತ್ರೋತ್ಸವವನ್ನೇ ಮಾಡಿಬಿಟ್ಟ. ಅದಕ್ಕೆ ಲೋಕದ ಕೊನೆಯಿಂದಾಚೆ ಅಂತ ಹೆಸರಿಟ್ಟ. ಯುದ್ಧದ ನಡುವೆ ಚಿತ್ರೋತ್ಸವ ಯಾಕೆ ಅಂತ ವಿದೇಶಿ ಪತ್ರಕರ್ತರು ಕೇಳಿದರಂತೆ. ಚಿತ್ರೋತ್ಸವದ ನಡುವೆ ಯುದ್ಧ ಯಾಕೆ ಅಂತ ಅವನು ತಿರುಗಿ ಕೇಳಿದ.

ಈಗ ಜಗತ್ತಿಗೆಲ್ಲ ಗೊತ್ತಿರುವ ಸರಾಯೆವೊ ಚಿತ್ರೋತ್ಸವ ಶುರುವಾಗಿದ್ದು 1995ರ ಅಕ್ಟೋಬರ್ 25ಕ್ಕೆ. ಅದೇ ಪುರಿವಾತ್ರಾ, ಅದೇ ಓಬಾಲಾ. ದಿನಾಂಕ ಸ್ವಲ್ಪ ನೋಡಿ. ಜುಲೈನಲ್ಲಿ ಸ್ರೆಬ್ರೆನಿತ್ಸಾ ಅನ್ನೋ ಪಟ್ಟಣದಲ್ಲಿ ಸರ್ಬ್ ಸೇನೆಯವರು ಎಂಟು ಸಾವಿರಕ್ಕೂ ಜಾಸ್ತಿ ಬೋಸ್ನಿಯನ್ ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದಿದ್ದರು. ಆಗಸ್ಟ್ 28ಕ್ಕೆ ಸರಾಯೆವೊದ ಮರ್ಕಾಲೆ ಮಾರುಕಟ್ಟೆಯ ಬಳಿ ಶೆಲ್ ಬಿದ್ದು 43 ಜನ ಸತ್ತಿದ್ದರು. ಕದನ ವಿರಾಮ ಆಗಿ ಎರಡು ವಾರವೂ ಕಳೆದಿರಲಿಲ್ಲ. ಯುದ್ಧ ಮುಗಿಸಿದ ಡೇಟನ್ ಒಪ್ಪಂದಕ್ಕೆ ಸಹಿ ಬೀಳಲು ಇನ್ನೂ ಒಂದೂವರೆ ತಿಂಗಳಿಗಿಂತ ಜಾಸ್ತಿ ಇತ್ತು. ಅಂಥ ಹೊತ್ತಿನಲ್ಲಿ 15 ದೇಶಗಳ 37 ಚಿತ್ರ ತೋರಿಸಿದರು, ಸುಮಾರು 15,000 ಜನ ಬಂದರು.

ಈಗ ಅದು ಪ್ರತಿ ಆಗಸ್ಟಿನಲ್ಲಿ ನಡೆಯುವ ದೊಡ್ಡ ಹಬ್ಬ. ನ್ಯಾಷನಲ್ ಥಿಯೇಟರ್ ಮುಂದೆ ಕೆಂಪು ಹಾಸು, ರಾತ್ರಿ ಬಯಲು ಚಿತ್ರಮಂದಿರದಲ್ಲಿ ಸಾವಿರಾರು ಜನ. 2004ರಿಂದ ಕೊಡುವ ಪ್ರಶಸ್ತಿಯ ಹೆಸರು 'ಹಾರ್ಟ್ ಆಫ್ ಸರಾಯೆವೊ'. ಹಾಲಿವುಡ್ ತಾರೆಯರೂ ಬರುತ್ತಾರೆ. ಆ ಥಳುಕಿನ ಬಗ್ಗೆ ನನಗೆ ಅಷ್ಟು ಆಸಕ್ತಿ ಇಲ್ಲ, ಎಲ್ಲಾ ಉತ್ಸವಗಳಲ್ಲೂ ಇದ್ದಿದ್ದೇ. ಆದರೆ ಆ ಸಾವಿರಾರು ಜನರಲ್ಲಿ ತಲೆ ನರೆತ ಕೆಲವರಾದರೂ 1993ರ ಕತ್ತಲ ಕೋಣೆಯಲ್ಲಿ ಕ್ಯಾಸೆಟ್ ನೋಡಿದವರು ಇರುತ್ತಾರಲ್ಲ, ಅದು ನನ್ನನ್ನು ಕಾಡುತ್ತೆ.

ಕುರ್ಚಿ ಅಂದೆನಲ್ಲ. 2012ರ ಏಪ್ರಿಲ್ 6, ಯುದ್ಧ ಶುರುವಾಗಿ 20 ವರ್ಷ ತುಂಬಿದ ದಿನ. ಊರಿನ ಮುಖ್ಯ ರಸ್ತೆಯಾದ ಟಿಟೊ ಬೀದಿಯ ಉದ್ದಕ್ಕೂ ಕೆಂಪು ಕುರ್ಚಿ ಹಾಕಿದರು. ಒಟ್ಟು 11,541. ಮುತ್ತಿಗೆಯಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದು. ಎದುರಿಗೆ ವೇದಿಕೆ, ಅಲ್ಲಿ ಸಂಗೀತ. ಕುರ್ಚಿಗಳೆಲ್ಲ ಖಾಲಿ. ಅದರಲ್ಲಿ 643 ಪುಟ್ಟ ಕುರ್ಚಿಗಳು, ಮಕ್ಕಳವು. ಜನ ಬಂದು ಅವುಗಳ ಮೇಲೆ ಹೂವು, ಆಟದ ಸಾಮಾನು ಇಟ್ಟು ಹೋದರು. ಇದನ್ನು ರೂಪಿಸಿದವನು ಅದೇ ಪಾಶೊವಿಚ್.

ಹಾಗಂತ ಯುದ್ಧಕ್ಕೂ ಮುಂಚೆ ಅಲ್ಲಿ ಸಿನಿಮಾ ಇರಲಿಲ್ಲ ಅಂತಲ್ಲ. ಯುಗೊಸ್ಲಾವಿಯಾದ ಕಾಲದಲ್ಲಿ ಭರ್ಜರಿಯಾಗಿಯೇ ಇತ್ತು. 1969ರ 'ಬ್ಯಾಟಲ್ ಆಫ್ ನೆರೆತ್ವಾ' ಚಿತ್ರಕ್ಕಾಗಿ ಯಾಬ್ಲಾನಿತ್ಸಾದಲ್ಲಿ ನಿಜವಾದ ರೈಲು ಸೇತುವೆಯನ್ನೇ ಉಡಾಯಿಸಿದರು. ಹೊಗೆ ಜಾಸ್ತಿಯಾಗಿ ಶಾಟು ಸರಿ ಬರಲಿಲ್ಲ. ಕೊನೆಗೆ ಸಣ್ಣ ಮಾದರಿ ಮಾಡಿ ಚಿತ್ರೀಕರಿಸಿದರು. ಸೇತುವೆ ಮಾತ್ರ ಇವತ್ತಿಗೂ ಹೊಳೆಯಲ್ಲಿ ಹಾಗೇ ಬಿದ್ದಿದೆ. ಸರಾಯೆವೊದಲ್ಲೇ ಹುಟ್ಟಿದ ಎಮಿರ್ ಕುಸ್ತುರಿಚಾ 1985ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಬಹುಮಾನ ಗೆದ್ದ. ಯುದ್ಧದ ಕಾಲದಿಂದ ಅವನು ಸರ್ಬಿಯಾದ ಕಡೆ, ಸರಾಯೆವೊ ಈ ಕಡೆ. ಅವನ ಹೆಸರು ಎತ್ತಿದರೆ ಊರಿನಲ್ಲಿ ಇವತ್ತಿಗೂ ಮುಖ ಗಂಟಾಗುತ್ತೆ. ಅವನ ಮೊದಲ ಚಿತ್ರಗಳು ನನಗೆ ಈಗಲೂ ಇಷ್ಟ, ಏನು ಮಾಡಲಿ.

ಆದರೆ ಊರಿನ ಜನ ಎದೆಗೆ ಹಚ್ಚಿಕೊಂಡಿದ್ದು 1972ರ ಒಂದು ಮಸಾಲೆ ಚಿತ್ರವನ್ನು. 'ವಾಲ್ಟರ್ ಡಿಫೆಂಡ್ಸ್ ಸರಾಯೆವೊ'. ಎರಡನೇ ಮಹಾಯುದ್ಧದ ಕಥೆ. ವಾಲ್ಟರ್ ಅನ್ನೋ ಗುಪ್ತನಾಮದ ನಾಯಕನನ್ನು ಹಿಡಿಯಲು ಜರ್ಮನ್ ಅಧಿಕಾರಿ ಇಡೀ ಸಿನಿಮಾ ಒದ್ದಾಡುತ್ತಾನೆ. ಕೊನೆಗೆ ಸೋತು ಹೊರಡುವಾಗ ಗುಡ್ಡದ ಮೇಲಿಂದ ಊರನ್ನು ತೋರಿಸಿ, ಅದೇ ವಾಲ್ಟರ್ ಅನ್ನುತ್ತಾನೆ. ಈ ಚಿತ್ರ ಚೀನಾದಲ್ಲಿ ಎಷ್ಟು ಓಡಿತು ಅಂದರೆ ಇವತ್ತಿಗೂ ಚೀನೀ ಪ್ರವಾಸಿಗರು ವಾಲ್ಟರ್ ಊರು ಅಂತ ಹುಡುಕಿಕೊಂಡು ಬರುತ್ತಾರೆ. 1992ರ ಏಪ್ರಿಲ್‌ನಲ್ಲಿ ಯುದ್ಧ ಬೇಡ ಅಂತ ಬೀದಿಗೆ ಬಂದ ಜನ "ನಾವೇ ವಾಲ್ಟರ್" ಅಂತ ಕೂಗಿದರು. ಚಿತ್ರದ ನಿರ್ದೇಶಕ ಹೈರುದ್ದೀನ್ ಕ್ರ್ವಾವಾತ್ಸ್ ಅದೇ ವರ್ಷ ಜುಲೈನಲ್ಲಿ, ಮುತ್ತಿಗೆಯೊಳಗಿನ ಅದೇ ಊರಿನಲ್ಲಿ ತೀರಿಕೊಂಡ.

ಈಗ ಯುದ್ಧದ ನಂತರದ ಚಿತ್ರಗಳಿಗೆ ಬರೋಣ. ಒಂದೇ ಒಂದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಅದರಲ್ಲಿ ಗುಂಡು ಹಾರುವುದೇ ಇಲ್ಲ.

'ಆ್ಯನ್ ಎಪಿಸೋಡ್ ಇನ್ ದ ಲೈಫ್ ಆಫ್ ಆ್ಯನ್ ಐರನ್ ಪಿಕರ್', 2013. ಇದೂ ತಾನೊವಿಚ್‌ದೇ. ಪೇಪರಿನಲ್ಲಿ ಅವನು ಒಂದು ಸುದ್ದಿ ಓದಿದ. ನಾಜಿಫ್ ಮುಯಿಚ್ ಅನ್ನೋ ರೋಮಾ (ಜಿಪ್ಸಿ) ಸಮುದಾಯದ ಗುಜರಿಯವನು. ಹೆಂಡತಿ ಸೆನಾದಾಗೆ ಹೊಟ್ಟೆಯಲ್ಲೇ ಮಗು ಸತ್ತಿದೆ, ತುರ್ತಾಗಿ ಆಪರೇಷನ್ ಆಗಬೇಕು. ವಿಮೆ ಕಾರ್ಡ್ ಇಲ್ಲ. ಆಸ್ಪತ್ರೆಯವರು ಸುಮಾರು 500 ಯೂರೊ ಕಟ್ಟಿ ಅಂದರು. ದುಡ್ಡಿಲ್ಲ ಅಂದರೆ ವಾಪಸ್ ಕಳಿಸಿದರು. ತಾನೊವಿಚ್ ಅವರ ಮನೆಗೇ ಹೋದ. ಸಿನಿಮಾಕ್ಕೆ ದುಡ್ಡು ಹೊಂದಿಸಿ, ನಟರನ್ನು ಹುಡುಕುವ ಹೊತ್ತಿಗೆ ಸಿಟ್ಟು ಆರಿಹೋಗುತ್ತೆ ಅನ್ನಿಸಿ, ನೀವೇ ಮಾಡ್ತೀರಾ ಅಂತ ಕೇಳಿದ. ಅವರು ಒಪ್ಪಿಕೊಂಡರು. ಫೋಟೊ ತೆಗೆಯುವ ಕ್ಯಾಮೆರಾದಲ್ಲಿ, ಒಂಬತ್ತೇ ದಿನದಲ್ಲಿ, ಸುಮಾರು 17,000 ಯೂರೊದಲ್ಲಿ ಸಿನಿಮಾ ಮುಗಿಯಿತು. ನಮ್ಮಲ್ಲಿ ಒಂದು ಹಾಡಿನ ಸೆಟ್ಟಿಗೂ ಸಾಲದ ದುಡ್ಡು.

ನನ್ನ ಕಣ್ಣಿಗೆ ಕಟ್ಟಿರುವ ದೃಶ್ಯ ಹೇಳುತ್ತೇನೆ. ನಾಜಿಫ್ ತನ್ನ ಕಾರನ್ನೇ ಒಡೆಯುತ್ತಾನೆ. ಹೆಂಡತಿಯನ್ನು ಆಸ್ಪತ್ರೆಗೆ ಸಾಗಿಸಿದ್ದು ಅದೇ ಕಾರಿನಲ್ಲಿ. ಸುತ್ತ ಹಿಮ. ಕೊಡಲಿ ಎತ್ತಿ ತಗಡು ಕೀಳುತ್ತಾನೆ, ಗುಜರಿಗೆ ಹಾಕಿ ದುಡ್ಡು ತರಲು. ಮಾತಿಲ್ಲ, ಸಂಗೀತ ಇಲ್ಲ, ಬರೀ ತಗಡಿನ ಸದ್ದು. ಅವನ ಕೈ ಎಷ್ಟು ಪಳಗಿದೆ ಅಂದರೆ ನಟನೆ ಅನ್ನೋ ಮಾತೇ ನೆನಪಾಗುವುದಿಲ್ಲ. ಕೊನೆಗೆ ಆಪರೇಷನ್ ಆಗುವುದು ಬೇರೆಯವರ ಕಾರ್ಡ್ ತೋರಿಸಿ. ನಮ್ಮಲ್ಲೂ ರೇಷನ್ ಕಾರ್ಡಿಗೆ, ಆಸ್ಪತ್ರೆ ಕಾರ್ಡಿಗೆ ಅಲೆದವರಿಗೆ ಆ ಕೌಂಟರಿನ ಗಾಜು ಹೊಸದೇನಲ್ಲ.

ಬರ್ಲಿನ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ತೀರ್ಪುಗಾರರ ದೊಡ್ಡ ಬಹುಮಾನ ಬಂತು. ಅತ್ಯುತ್ತಮ ನಟ ನಾಜಿಫ್ ಮುಯಿಚ್ ಅಂತ ಘೋಷಿಸಿದರು, ಕೈಗೆ ಬೆಳ್ಳಿಯ ಕರಡಿ ಕೊಟ್ಟರು. ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಬೆಳ್ಳಿ ಕರಡಿಯಿಂದ ಮನೆ ನಡೆಯುವುದಿಲ್ಲ. ಬಡತನ ತಪ್ಪಲಿಲ್ಲ. ಅವನು ಸಂಸಾರ ಕಟ್ಟಿಕೊಂಡು ಜರ್ಮನಿಗೆ ಹೋಗಿ ಆಶ್ರಯ ಕೇಳಿದ, ಸಿಗಲಿಲ್ಲ. ಕೊನೆಗೆ ಕರಡಿಯನ್ನು 4,000 ಯೂರೊಗೆ ಮಾರಿದ. 2018ರ ಫೆಬ್ರವರಿಯಲ್ಲಿ ತನ್ನ ಹಳ್ಳಿಯಲ್ಲಿ ತೀರಿಕೊಂಡ. ಇನ್ನೂ 50 ಕೂಡ ಆಗಿರಲಿಲ್ಲ. ಚಿತ್ರೋತ್ಸವಗಳನ್ನು ಹೊಗಳುತ್ತಾ ಬಂದೆ. ಅವುಗಳ ಕೈಯಲ್ಲಿ ಆಗದ್ದು ಏನು ಅಂತಲೂ ಹೇಳಬೇಕಲ್ಲ, ಅದಕ್ಕೆ ಇದನ್ನು ಹೇಳಿದೆ.

ನ್ಯೂಯಾರ್ಕಿನಲ್ಲಿ ಇನ್ನೊಂದು ಉತ್ಸವ ಇದೆ. ವರ್ಷಕ್ಕೊಮ್ಮೆ, ಕೆಲವೇ ದಿನ. ಬೋಸ್ನಿಯಾ-ಹರ್ಜೆಗೊವಿನಾದವರು ಮಾಡಿದ ಇಲ್ಲವೇ ಆ ದೇಶದ ಬಗ್ಗೆ ಮಾಡಿದ ಚಿತ್ರಗಳನ್ನು ಮಾತ್ರ ತೋರಿಸುತ್ತಾರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಶುರುವಾಗಿದ್ದು. ಮಾಡುವವರು ವಲಸೆ ಹೋದವರೇ, ಸ್ವಯಂಸೇವಕರು. ಬಹುಮಾನದ ಹೆಸರು ಚಿನ್ನದ ಸೇಬು. ನ್ಯೂಯಾರ್ಕಿಗೆ ಬಿಗ್ ಆ್ಯಪಲ್ ಅಂತ ಅಡ್ಡಹೆಸರು ಇದೆಯಲ್ಲ.

ಯುದ್ಧದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ದೇಶದ ಹೆಚ್ಚುಕಡಿಮೆ ಅರ್ಧ. ಅವರಲ್ಲಿ ಬಹಳಷ್ಟು ಜನ ಅಮೆರಿಕ ಸೇರಿದರು. ಸೇಂಟ್ ಲೂಯಿಸ್ ನಗರದಲ್ಲಿ ಬೋಸ್ನಿಯನ್ನರದೇ ಬೇಕರಿ, ಕಾಫಿ ಅಂಗಡಿಗಳ ಬೀದಿಗಳಿವೆ. ಸರಾಯೆವೊದ ಬರಹಗಾರ ಅಲೆಕ್ಸಾಂಡರ್ ಹೆಮೋನ್ 1992ರಲ್ಲಿ ಸುಮ್ನೆ ಸುತ್ತಾಡಲು ಅಂತ ಅಮೆರಿಕಕ್ಕೆ ಬಂದವನು. ಅಷ್ಟರಲ್ಲಿ ಊರಿಗೆ ಮುತ್ತಿಗೆ ಬಿತ್ತು, ಶಿಕಾಗೋದಲ್ಲೇ ಉಳಿದ. ಇಂಗ್ಲಿಷಿನಲ್ಲಿ ಬರೆದು ಹೆಸರು ಮಾಡಿದ. ಆಮೇಲೆ ಊರಿನ ಚಿತ್ರಕ್ಕೂ ಚಿತ್ರಕಥೆ ಬರೆದ, 2021ರಲ್ಲಿ ಬಂದ 'ಮ್ಯಾಟ್ರಿಕ್ಸ್' ಸರಣಿಯ ಚಿತ್ರಕ್ಕೂ ಬರೆದ. ಇಂಥವರಿಗೆ ಆ ಉತ್ಸವ ಎಂದರೆ ಸಬ್‌ಟೈಟಲ್ ಬರುವ ಮೊದಲೇ ನಗುವ ಕೆಲವು ದಿನ. ಪಕ್ಕದಲ್ಲಿ ಕೂತ ಅಮೆರಿಕದ ಗೆಳೆಯನಿಗೆ ನಗು ಎರಡು ಸೆಕೆಂಡ್ ತಡವಾಗಿ ಬರುತ್ತೆ. ಪರವೂರಿನಲ್ಲಿ ಕನ್ನಡ ಸಿನಿಮಾ ನೋಡಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

2013ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಸಣ್ಣ ದೇಶದಲ್ಲಿ ವರ್ಷಕ್ಕೆ ಬರುವ ದೊಡ್ಡ ಚಿತ್ರಗಳು ಕೈಬೆರಳಿನಷ್ಟು. ಹಾಗಾಗಿ ಅಲ್ಲಿನ ಕಿರುಚಿತ್ರಗಳನ್ನು ಬಿಡಬೇಡಿ. ಊನಾ ಗುನ್ಯಾಕ್ ಮಾಡಿದ 'ಚಿಕನ್' ಅಂತ ಕಾಲು ಗಂಟೆಯ ಚಿತ್ರ, 2014ರಲ್ಲಿ ಯುರೋಪಿನ ಅತ್ಯುತ್ತಮ ಕಿರುಚಿತ್ರ ಅನ್ನಿಸಿಕೊಂಡಿತು. 1993ರ ಸರಾಯೆವೊ. ಆರು ವರ್ಷದ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಜೀವಂತ ಕೋಳಿ ಬರುತ್ತೆ. ಮನೆಯವರು ಅದನ್ನು ಅಡುಗೆಗೆ ಅಂತ ನೋಡುತ್ತಾರೆ, ಹುಡುಗಿ ಗೆಳತಿ ಅಂತ ನೋಡುತ್ತಾಳೆ. ಬಾಗಿಲು ತೆಗೆದು ಬಿಟ್ಟುಬಿಡುತ್ತಾಳೆ. ಹೊರಗೆ ಗುರಿಕಾರರಿದ್ದಾರೆ. ಕೋಳಿ ಹಿಡಿಯಲು ಅಮ್ಮ ಹೊರಗೆ ಓಡುತ್ತಾಳೆ.

ಯಾಸ್ಮಿಲಾ ಜ್ಬಾನಿಚ್ ಹೆಸರು ಹೇಳದೆ ಈ ಮಾತು ಮುಗಿಯಲ್ಲ. ಸ್ರೆಬ್ರೆನಿತ್ಸಾ ಕಗ್ಗೊಲೆಯ ಬಗ್ಗೆ ಆಕೆ ಮಾಡಿದ 'ಕೋ ವಾಡಿಸ್, ಐದಾ?' 2021ರಲ್ಲಿ ಆಸ್ಕರ್ ಕೊನೆಯ ಐದರಲ್ಲಿತ್ತು, ಯುರೋಪಿನ ಅತ್ಯುತ್ತಮ ಚಿತ್ರವೂ ಆಯಿತು. ಗಂಡ ಮಕ್ಕಳನ್ನು ಉಳಿಸಿಕೊಳ್ಳಲು ಒದ್ದಾಡುವ ದುಭಾಷಿ ಐದಾ ಪಾತ್ರ ಮಾಡಿದ್ದು ಯಾಸ್ನಾ ಜುರಿಚಿಚ್. ಕೊಲ್ಲಿಸಿದ ಜನರಲ್ ಮ್ಲಾದಿಚ್ ಪಾತ್ರ ಬೋರಿಸ್ ಇಸಾಕೊವಿಚ್ ಅವರದು. ಇಬ್ಬರೂ ಸರ್ಬಿಯಾದ ಕಲಾವಿದರು, ನಿಜ ಜೀವನದಲ್ಲಿ ಗಂಡ ಹೆಂಡತಿ. ತಮ್ಮ ದೇಶದಲ್ಲಿ ಬೈಗುಳ ತಿನ್ನಬೇಕಾಗುತ್ತೆ ಅಂತ ಗೊತ್ತಿದ್ದೇ ಒಪ್ಪಿಕೊಂಡರು.

ಇವತ್ತು ನಾವು ನೋಡುವುದು ಆಕೆಯ ಮೊದಲ ಕಥಾಚಿತ್ರ, 'ಗ್ರ್ಬಾವಿತ್ಸಾ'. 2006ರಲ್ಲಿ ಬರ್ಲಿನ್‌ನಲ್ಲಿ ಬಂಗಾರದ ಕರಡಿ ಗೆದ್ದಿತು. ಅದು ಸರಾಯೆವೊದ ಒಂದು ಬಡಾವಣೆಯ ಹೆಸರು. ಯುದ್ಧದಲ್ಲಿ ಅದು ಮುತ್ತಿಗೆ ಹಾಕಿದವರ ಕೈಯಲ್ಲಿತ್ತು. ತಾಯಿ ಎಸ್ಮಾ, ಮಗಳು ಸಾರಾ. ಶಾಲೆಯಿಂದ ಪ್ರವಾಸ. ಯುದ್ಧದಲ್ಲಿ ಹುತಾತ್ಮರಾದವರ ಮಕ್ಕಳಿಗೆ ದುಡ್ಡಿಲ್ಲ, ಒಂದು ಸರ್ಟಿಫಿಕೇಟ್ ತಂದರೆ ಸಾಕು. ನಮ್ಮಪ್ಪ ಹುತಾತ್ಮ ಅಂತ ಸಾರಾ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ತಾಯಿ ಮಾತ್ರ ಸರ್ಟಿಫಿಕೇಟ್ ತರುವುದು ಬಿಟ್ಟು ಸಾಲಕ್ಕೆ ಅಲೆಯುತ್ತಾಳೆ. ಯಾಕೆ ಅನ್ನೋದೇ ಸಿನಿಮಾ.

ನಿಮ್ಮಲ್ಲಿ ಅರ್ಧ ಜನ ಆಗಲೇ ಊಹಿಸಿರುತ್ತೀರಿ. ಗುಟ್ಟು ಗೊತ್ತಿದ್ದು ನೋಡಿದರೂ ಈ ಚಿತ್ರ ಕೆಡುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಯುದ್ಧದಲ್ಲಿ ಸಾವಿರಾರು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಯುದ್ಧ ಮುಗಿದು ಹತ್ತು ವರ್ಷವಾದರೂ ಕಾನೂನಿನ ಕಣ್ಣಿಗೆ ಅವರು ಯುದ್ಧದ ಸಂತ್ರಸ್ತರು ಆಗಿರಲಿಲ್ಲ. ಚಿತ್ರ ಬಿಡುಗಡೆಯಾದಾಗ ತಂಡದವರೇ ಚಿತ್ರಮಂದಿರಗಳ ಬಳಿ ಸಹಿ ಸಂಗ್ರಹ ಮಾಡಿದರು. ಸಿನಿಮಾ ನೋಡಿ ಹೊರಗೆ ಬಂದವರು ನಿಂತು ಸಹಿ ಹಾಕಿದರು. ಅದೇ ವರ್ಷ ದೇಶದ ಎರಡು ಭಾಗಗಳಲ್ಲಿ ಒಂದಾದ ಫೆಡರೇಷನ್‌ನಲ್ಲಿ ಕಾನೂನು ತಿದ್ದುಪಡಿ ಆಯಿತು. ಆ ಹೆಂಗಸರಿಗೆ ಮಾಸಾಶನ ಕೇಳುವ ಹಕ್ಕು ಬಂತು. ಎಸ್ಮಾ ಪಾತ್ರ ಮಾಡಿದ ಮಿರ್ಯಾನಾ ಕರಾನೊವಿಚ್ ಕೂಡ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನವರೇ.

ಪ್ರೊಜೆಕ್ಟರ್ ಹುಡುಗರು ಆಗಲಿಂದ ಕೈ ತೋರಿಸ್ತಾ ಇದ್ದಾರೆ. ಇನ್ನೊಂದೇ ಮಾತು. ಒಂದು ಕಡೆ ಸಾರಾ ಕೇಳುತ್ತಾಳೆ, ನನ್ನಲ್ಲಿ ಅಪ್ಪನದು ಏನಾದರೂ ಇದೆಯಾ ಅಂತ. ತಾಯಿ ಸ್ವಲ್ಪ ತಡೆದು, ಕೂದಲು ಅನ್ನುತ್ತಾಳೆ. ಅಲ್ಲಿಂದ ಮುಂದೆ ಆ ಹುಡುಗಿಯ ಕೂದಲಿನ ಮೇಲೆ ಒಂದು ಕಣ್ಣಿಟ್ಟಿರಿ. ಹಿಂದೆ ನಿಂತವರು ಮುಂದೆ ಬನ್ನಿ, ಎರಡನೇ ಸಾಲಿನಲ್ಲಿ ಕುರ್ಚಿ ಖಾಲಿ ಇವೆ.